ಬೋಳ ಆಡಿಗೆ ಕೋಡಿನ ಹೋತ ಬಿಡ್ರಿ

ಕೋಡಿಲ್ಲದ ಬೋಳ ಆಡು ಸಾಕಿದವರು ಅದಕ್ಕ ಕೋಡಿದ್ದ ಹೋತನ್ನೇ ಬಿಡ್ರಿ, ಬೋಳ ಹೋತ ಬ್ಯಾಡ. ಬೋಳುತನದ ಜೀನ್ ತಂದಿ-ತಾಯಿ ಎರಡೂ ಕಡೆಯಿಂದ ಒಂದೇ ಹೆಣ್ಣುಮರಿಗೆ ಬಂತಂದ್ರ ಅದು ಗಬ್ಬ ಕಟ್ಟೂದಿಲ್ಲ. ಕೆಲವಂತೂ ಅತ್ತ ಹೋತೂ ಅಲ್ಲ, ಇತ್ತ ಆಡೂ ಅಲ್ಲ. ಬೋಳಕ್ಕ ಬೋಳ ಕೂಡಿಸಿದ್ರ ಹೆಣ್ಣುಮರಿಯೊಳಗ ಸರಾಸರಿ 4ಕ್ಕ 1 ಹಿಂಗ ಹಾಳು, ಹೋತಿನ ಹತ್ರ ಆ ಜೀನ್ ಜೋಡಿ ಇದ್ರ ಅರ್ಧಕ್ಕರ್ಧ. ಕೋಡಿನ ಹೋತಿನ ಹತ್ರ ಆ ಜೀನೇ ಇರೂದಿಲ್ಲ, ಜೋಡಿ ಆಗೂ ಮಾತೇ ಇಲ್ಲ. ಹಾವೇರಿ ಕಡೆ ಸಂತ್ಯಾಗ ಕೋಡು ಕಾಣದ ಹೋತ ಕೊಳ್ಳೂಮುಂದ ನೆತ್ತಿ ಮುಟ್ಟಿ ನೋಡ್ರಿ: ಸಣ್ಣದಿದ್ದಾಗ ಕೋಡು ಸುಟ್ಟಿದ್ರ ಗಾಯದ ಕಲಿ ಕೈಗೆ ಸಿಗ್ತದ, ಅಂಥಾ ಹೋತ ನಡೀತದ. ಕುರಿಗೆ ಮಾತ್ರ ಈ ಲೆಕ್ಕ ಹಚ್ಚಬ್ಯಾಡ್ರಿ. ಮೇವು ಕಡಿಮಿಯಾಗಿ ಗಬ್ಬ ನಿಲ್ಲದಿದ್ರ ಹೋತ ಬದಲಿಸಿ ಏನೂ ಆಗೂದಿಲ್ಲ.