‘ಕೆಂಪು’ ಪದದ ಬೇರು ಹಿಡಿಯುವ ಕ್ರಮ: ನನ್ನ ಅನುಭವ

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವುಗಳ ತಾಯಿಯಾದ, ಬರಹದಲ್ಲಿ ಸಿಗದ ಇಂಡೋ-ಯುರೋಪಿಯನ್ ಮೂಲಭಾಷೆಯ ಗುಣವಾಚಕವೊಂದನ್ನು ಕೈಯಾರೆ ಕಟ್ಟಿ ನೋಡಬೇಕೆಂದರೆ ನಾನು ಎತ್ತಿಕೊಳ್ಳುವುದು ‘ಕೆಂಪು’ ಅರ್ಥದ *ಹ್₁ರುಧ್ರೋಸ್ (ಚುಕ್ಕಿ ಗುರುತು ಎಂದರೆ ಊಹಿಸಿ ಕಟ್ಟಿದ ರೂಪ; ‘ಹ್₁’ ಏನೆಂಬುದು ಮುಂದೆ ಬರುತ್ತದೆ). ಅದರ ಒಂದು ಕುಡಿ ನಮ್ಮ ಪಂಚಾಂಗದಲ್ಲೇ ಇದೆ: ಅರವತ್ತು ಸಂವತ್ಸರಗಳಲ್ಲಿ 57ನೆಯದು, ರುಧಿರೋದ್ಗಾರಿ.

ಮೊದಲು ಕಳೆ ಕೀಳಬೇಕು. ರಕ್ತ ಹೊರಗೆ; ಅದು ‘ರಂಜ್’ ಧಾತುವಿನದು, ಬಣ್ಣ ಹಿಡಿದದ್ದು ಎಂಬರ್ಥ. ಅರುಣನೂ ಹೊರಗೆ. ನಮ್ಮ ಕೆಂಪು ದ್ರಾವಿಡ ಪದ, ಆ ಮಾತೇ ಬೇಡ. ಆಮೇಲೆ ಎರವಲು: ಇಂಗ್ಲಿಷಿನ ರೂಬಿ, ರೂಜ್ ಎರಡೂ ಲ್ಯಾಟಿನ್ನಿನಿಂದ ಫ್ರೆಂಚ್ ಹಾದು ಬಂದವು, ಕನ್ನಡದ ರುಧಿರ ತತ್ಸಮ. ಎರವಲು ಪದ ಸಾಕ್ಷಿ ಹೇಳಲಾರದು. ಹೊಸಬರು ಎಡವುವುದು ಲ್ಯಾಟಿನ್ನಿನ ರೂಫುಸ್‌ನಲ್ಲಿ. ಅದು ನೆರೆಯ ಇಟಾಲಿಕ್ ನುಡಿಯಿಂದ ಲ್ಯಾಟಿನ್ನಿಗೆ ಬಂದದ್ದು. ‘ಫ’ಕಾರವೇ ಅದರ ಗುಟ್ಟು ಬಿಟ್ಟುಕೊಡುತ್ತದೆ: ಲ್ಯಾಟಿನ್ನಿನ ಸ್ವಂತ ಪದವಾಗಿದ್ದರೆ ಅಲ್ಲಿ ಬ ಇರುತ್ತಿತ್ತು.

ಉಳಿದವನ್ನು ಒಂದರ ಕೆಳಗೊಂದು ಬರೆದುಕೊಳ್ಳುತ್ತೇನೆ, ಒಂದು ಧ್ವನಿಗೆ ಒಂದು ಮನೆ: ಗ್ರೀಕ್ ಎರುಥ್ರೋಸ್, ಲ್ಯಾಟಿನ್ ರುಬೆರ್, ತೊಖಾರಿಯನ್-ಬಿ (ಮಧ್ಯ ಏಷ್ಯಾದ ಅಳಿದ ನುಡಿ) ರತ್ರೆ, ಪ್ರಾಚೀನ ಚರ್ಚ್ ಸ್ಲಾವೊನಿಕ್ (ಸ್ಲಾವಿಕ್ ಧರ್ಮಗ್ರಂಥಗಳ ಹಳೆಯ ನುಡಿ) ರುದ್ರು, ಸಂಸ್ಕೃತ ರುಧಿರ. ಲ್ಯಾಟಿನ್ನಿನಲ್ಲಿ ಪ್ರಥಮಾ ರೂಪ ನಂಬಬೇಡಿ, ಅಂಗವಾದ ‘ರುಬ್ರ್-’ ತೆಗೆದುಕೊಳ್ಳಿ. ಇಲ್ಲವಾದರೆ ಇಲ್ಲದ ‘ಎ’ಕಾರವೊಂದು ಮೂಲಕ್ಕೆ ನುಸುಳುತ್ತದೆ.

ನಡುವಿನ ವ್ಯಂಜನದ ಕಂಬಸಾಲಿನಲ್ಲಿ ಥ, ಬ, ತ, ದ, ಧ ಬರುತ್ತವೆ. ನಾಲ್ಕಕ್ಕೆ ‘ಧ’ ಸಲೀಸಾಗಿ ಒಪ್ಪುತ್ತದೆ, ತಕರಾರು ಲ್ಯಾಟಿನ್ನಿನದು. ಸಂಸ್ಕೃತದ ‘ಮಧ್ಯ’ಕ್ಕೆ ಅಲ್ಲಿ ಮೆದಿಉಸ್ ಇದೆ, ಅಂದರೆ ಪದಮಧ್ಯದ ಧ ಮಾಮೂಲಾಗಿ ದ ಆಗಬೇಕು. ಆದರೆ ರಕಾರ ಪಕ್ಕದಲ್ಲಿದ್ದರೆ ಅಥವಾ ಉಕಾರ ಹಿಂದಿದ್ದರೆ ಬ ಆಗುತ್ತದೆ. ಈ ನಿಯಮಕ್ಕೆ ಎರಡನೇ ಸಾಕ್ಷಿ ಸಿಗುವ ತನಕ ನಾನು ಮುಂದೆ ಹೋಗುವುದಿಲ್ಲ. ಕೆಚ್ಚಲಿಗೆ ಸಂಸ್ಕೃತದಲ್ಲಿ ಊಧರ್, ಲ್ಯಾಟಿನ್ನಿನಲ್ಲಿ ಊಬೆರ್. ಸಾಕು.

ಗ್ರೀಕಿನ ಆರಂಭದ ‘ಎ’ ಮಾತ್ರ ಬೇರಾವ ಮನೆಯಲ್ಲೂ ಇಲ್ಲ. ಅದೇ ಹ್₁ ಎಂಬ ಗಂಟಲ ಧ್ವನಿಯ ಪಳೆಯುಳಿಕೆ; ಮೂಲಭಾಷೆಗೆ ಊಹಿಸುವ ಹ್₁, ಹ್₂, ಹ್₃ ಎಂಬ ಮೂರು ಗಂಟಲ ಧ್ವನಿಗಳಲ್ಲಿ ಇದೊಂದು. ಹ್₂ ಇದ್ದಿದ್ದರೆ ‘ಅ’, ಹ್₃ ಇದ್ದಿದ್ದರೆ ‘ಒ’ ಬರುತ್ತಿತ್ತು. ಇಲ್ಲೊಂದು ಎಚ್ಚರಿಕೆ: ಮೂಲದ ರಕಾರ ಗ್ರೀಕಿನಲ್ಲಿ ಸ್ವರದ ಆಸರೆಯಿಲ್ಲದೆ ಪದಾದಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಸ್ವರವೊಂದು ಇದೆ ಎಂಬುದಕ್ಕಿಂತ ಅದು ಯಾವ ಸ್ವರ ಎಂಬುದಕ್ಕೇ ಹೆಚ್ಚು ತೂಕ.

ಸ್ವರಭಾರವನ್ನೂ ನೋಡಿ. ಗ್ರೀಕ್, ವೈದಿಕ ಎರಡರಲ್ಲೂ ಉದಾತ್ತ ಕೊನೆಯ ಅಕ್ಷರದ ಮೇಲಿದೆ. ಭಾರ ಪ್ರತ್ಯಯದ ಮೇಲಿದ್ದಾಗ ಧಾತು ತನ್ನ ಎ/ಒ ಸ್ವರ ಕಳೆದುಕೊಳ್ಳುವುದುಂಟು; ಧಾತುವಿನಲ್ಲಿ ಬರಿಯ ‘ಉ’ ಉಳಿದಿರುವುದಕ್ಕೆ ಅದು ಹೊಂದುತ್ತದೆ.

ಕೊನೆಗೆ ನಮ್ಮದೇ ಪದದ ತೊಡಕು. ಲೆಕ್ಕದ ಪ್ರಕಾರ ಸಂಸ್ಕೃತದಲ್ಲಿ ‘*ರುಧ್ರ’ ಸಿಗಬೇಕಿತ್ತು. ಈ ‘ಇ’ ಎಲ್ಲಿಂದ? ಅದನ್ನು ಮೂಲರೂಪಕ್ಕೆ ತಳ್ಳುವುದು ತಪ್ಪು, ಉಳಿದ ನಾಲ್ಕೂ ಬೇಡ ಎನ್ನುತ್ತಿವೆ. ‘-ರೊ-’ ಪ್ರತ್ಯಯದ ಗುಣವಾಚಕಗಳು ಸಮಾಸದ ಪೂರ್ವಪದವಾದಾಗ ಅದರ ಬದಲು ‘-ಇ-’ ತೊಡುವುದುಂಟು. ಕಾಲಂಡ್ ಪದ್ಧತಿ ಎನ್ನುವುದು ಇದನ್ನೇ. ಋಗ್ವೇದ 2.14.5ರಲ್ಲಿ ‘ರುಧಿಕ್ರಾ’ ಎಂಬ ಹೆಸರಿದೆ. ‘ರುಧ್ರ’, ‘ರುಧಿ’ ಬೆರೆತು ರುಧಿರ ಆಯಿತೆಂಬ ವಿವರಣೆ ನನಗೆ ಒಪ್ಪಿಗೆ.

ಇಂಗ್ಲಿಷಿನ ರೆಡ್, ಗಾಥಿಕ್ ರೌಥ್ಸ್, ಲಿಥುವೇನಿಯನ್ ರೌದಸ್ ಇವುಗಳಿಗೆ ಬೇರೆ ಹಾಳೆ. ಧಾತು ಅದೇ, ಆದರೆ ಒಕಾರವಿರುವ *ಹ್₁ರೊಉಧೋಸ್ ಬೇರೊಂದು ರಚನೆ. ಅಲ್ಲಿ ‘-ರೊ-’ ಇಲ್ಲ. ಲೋಹ, ಲೋಹಿತ ಸೇರುವುದೂ ಆ ಬದಿಗೇ. ಧ ಹ ಆದದ್ದಕ್ಕೆ ಬೆರಗಾಗಬೇಕಿಲ್ಲ, ‘ಧಾ’ ಧಾತುವಿನಿಂದ ‘ಹಿತ’ ಬಂದ ದಾರಿಯದು. ರ–ಲ ಅದಲುಬದಲು ಹಳೆಯ ಪ್ರಾಂತಭೇದ: ರೋಹಿತ, ಲೋಹಿತ ಎರಡೂ ಇವೆ. ಲೋಹ ಎಂದರೆ ಮೊದಲು ಕೆಂಪು ಬಣ್ಣದ್ದು, ತಾಮ್ರ. ಕಬ್ಬಿಣ ಆ ಹೆಸರಿನೊಳಗೆ ಸೇರಿದ್ದು ಆಮೇಲೆ.