ಮಳೆಯಲ್ಲಿ ಸಹಾಯಾರ್ಥ ಸೈಕಲ್ ಜಾಥಾ: ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೊರಡುವುದು ಹೇಗೆ?

ಮಂಡಗದ್ದೆ ದಾಟಿ ಸ್ವಲ್ಪ ಮುಂದೆ, ಚಹಾ ಅಂಗಡಿಯೊಂದರ ತಗಡಿನ ಮಾಡಿನ ಕೆಳಗೆ ನಿಂತಿದ್ದೆವು. ಜುಲೈ ತಿಂಗಳು, ಮಳೆ ಬಿಟ್ಟೂಬಿಡದೆ ಹೊಯ್ಯುತ್ತಿತ್ತು. ಜೊತೆಗಿದ್ದ ಗೆಳೆಯ ಜೇಬಿನಿಂದ ಕಡಲೆ ಚಿಕ್ಕಿ ತೆಗೆದ. ಪೊಟ್ಟಣ ಹರಿಯಲು ಎರಡು ಸಲ ನೋಡಿದ, ಬೆರಳು ಮಾತು ಕೇಳಲಿಲ್ಲ. ಹಲ್ಲಲ್ಲಿ ಕಚ್ಚಿದ, ಅದೂ ಆಗಲಿಲ್ಲ. "ಸಾಕು ಕಣೋ, ವಾಪಸ್ ಹೋಗೋಣ" ಅಂದೆ. "ಆಗಲ್ಲ ಮಾರಾಯ, ಕಿಲೋಮೀಟರಿಗೆ ಹತ್ತು ರೂಪಾಯಿ ಅಂತ ಆಫೀಸಲ್ಲಿ ಎಲ್ಲರ ಹತ್ರ ಬರೆಸಿಕೊಂಡಿದೀನಿ" ಅಂದ. ನಾಲಿಗೆ ತೊದಲುತ್ತಿತ್ತು.

ಆ ದಾರಿಯಲ್ಲಿ ಬಂದ ಒಂದು ಓಮ್ನಿ ನಿಲ್ಲಿಸಿ ಅವನನ್ನು ತೀರ್ಥಹಳ್ಳಿಗೆ ಕಳಿಸಿದೆವು. ಒಣಬಟ್ಟೆ ಹಾಕಿ, ಬಿಸಿ ಕಷಾಯ ಕುಡಿದು, ಕಂಬಳಿ ಹೊದ್ದು ಕೂತ ಮೇಲೆ ಸರಿಯಾದ. ಅವತ್ತಿನಿಂದ ನನಗೆ ಒಂದು ಮಾತು ಖಾತ್ರಿ. ಮಳೆಗಾಲದ ಜಾಥಾಕ್ಕೆ ತಯಾರಿ ಅಂದರೆ, ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಸಂಕೋಚವಿಲ್ಲದೆ ಹಿಂದಿರುಗುವ ಹಾಗೆ ಮಾಡಿಡುವುದು. ಉಳಿದ ತಯಾರಿಯೆಲ್ಲ ಅದರ ನಂತರ.

ಹಣ ಮೊದಲು, ಸವಾರಿ ಆಮೇಲೆ

ಕಿಲೋಮೀಟರಿಗೆ ಇಷ್ಟು ಎಂದು ದುಡ್ಡು ಎತ್ತಬೇಡಿ. ಬಿಸಿಲುಗಾಲದಲ್ಲಿ ಅದು ಹುರುಪು ಕೊಡುವ ಲೆಕ್ಕ, ಸರಿ. ಮಳೆಯಲ್ಲಿ ಅದೇ ಲೆಕ್ಕ ಸುಸ್ತಾದವನನ್ನು ಮುಂದೆ ತಳ್ಳುತ್ತದೆ. ಒಳ್ಳೆಯ ಕೆಲಸಕ್ಕೆ ಹೊರಟವರೇ ಇದರಲ್ಲಿ ಜಾಸ್ತಿ ಸಿಕ್ಕಿಬೀಳುವುದು. ತನಗಾಗಿ ಆದರೆ ನಿಲ್ಲಿಸುತ್ತಿದ್ದರು, ಮಕ್ಕಳಿಗಾಗಿ ಅಂದಾಗ ನಿಲ್ಲಿಸಲು ಮನಸ್ಸು ಬರುವುದಿಲ್ಲ. ಹಾಗಾಗಿ ಒಬ್ಬರಿಂದ ಒಂದು ಮೊತ್ತ ಎಂದು ಇಟ್ಟುಕೊಳ್ಳಿ. ಕೊಡುವವರಿಗೂ ಮೊದಲೇ ಹೇಳಿ: ನಾವು ತೀರ್ಥಹಳ್ಳಿ ಮುಟ್ಟಿದರೂ ಮುಟ್ಟದಿದ್ದರೂ, ಜಾಥಾ ರದ್ದಾದರೂ, ಈ ಹಣ ಸೇರಬೇಕಾದಲ್ಲಿಗೇ ಸೇರುತ್ತದೆ.

ನಮ್ಮ ತಂಡ ಈಗ ಒಂದು ಹಳ್ಳಿ ಶಾಲೆಯ ಮಕ್ಕಳಿಗೆ ರೈನ್‌ಕೋಟ್ ಕೊಡಿಸುತ್ತದೆ. ಇದರಲ್ಲೂ ಒಂದು ಪಾಠ ಇದೆ. ಜುಲೈನಲ್ಲಿ ಸವಾರಿ ಮಾಡಿ, ಹಣ ಎಣಿಸಿ, ಆಗಸ್ಟ್‌ನಲ್ಲಿ ಕೋಟು ಹಂಚಿದರೆ ಮಗು ಅಷ್ಟರೊಳಗೆ ಎರಡು ತಿಂಗಳು ನೆಂದಿರುತ್ತದೆ, ಅಲ್ವಾ? ಮೇ ತಿಂಗಳಲ್ಲೇ ಹಣ ಸೇರಿಸಿ, ಮುಖ್ಯೋಪಾಧ್ಯಾಯರ ಹತ್ತಿರ ಮಕ್ಕಳ ಅಳತೆ ಬರೆಸಿಕೊಂಡು, ಶಾಲೆ ಶುರುವಾದ ವಾರದಲ್ಲೇ ಕೊಟ್ಟುಬಿಡಿ. ಬ್ಯಾಗಿನ ಮೇಲೂ ಬರುವ ಹಾಗೆ ಒಂದು ಅಳತೆ ದೊಡ್ಡದೇ ಇರಲಿ. ಸವಾರಿಯ ದಿನ ಮಕ್ಕಳನ್ನು ಹೂ ಕೊಡಲು, ಚಪ್ಪಾಳೆ ತಟ್ಟಲು ರಸ್ತೆ ಬದಿಯಲ್ಲಿ ನಿಲ್ಲಿಸುವುದಂತೂ ಬೇಡವೇ ಬೇಡ. ಸವಾರರು ಬರುವುದು ತಡವಾದಷ್ಟೂ ಅವರು ಮಳೆಯಲ್ಲಿ ಕಾಯುತ್ತಾರೆ.

ಹಣವನ್ನು ಯಾರದ್ದೋ ಸ್ವಂತ ಖಾತೆಗೆ ಹಾಕಿಸಬೇಡಿ. ಸಂಸ್ಥೆಯ ಮೂಲಕ ಹೋದರೆ ಅದರ ಖಾತೆಗೇ ನೇರವಾಗಿ ಹೋಗಲಿ, ರಸೀದಿ ಸಿಗಲಿ. ದಾನಕ್ಕೆ ತೆರಿಗೆ ವಿನಾಯಿತಿ ಬೇಕೆನ್ನುವವರಿಗೆ 2000 ರೂಪಾಯಿ ಮೀರಿದ ನಗದು ನಡೆಯುವುದಿಲ್ಲ ಎಂದು ತಿಳಿಸಿ. ಚಹಾ, ಗಾಡಿ ಬಾಡಿಗೆ, ಬ್ಯಾನರ್ ಖರ್ಚನ್ನು ಸವಾರರೇ ಹಂಚಿಕೊಳ್ಳಲಿ. ದಾನದ ಹಣದಿಂದ ಅದಕ್ಕೆ ಒಂದು ರೂಪಾಯಿಯೂ ಬೇಡ.

ದಾರಿ ಮತ್ತು ದಿನ

ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು 60 ಕಿಲೋಮೀಟರ್. ಗಾಜನೂರು ಡ್ಯಾಂ 12ರ ಹತ್ತಿರ, ಸಕ್ರೆಬೈಲು ಆನೆ ಬಿಡಾರ ಅದರಾಚೆ ಕೂಗಳತೆಯಲ್ಲಿ, ಮಂಡಗದ್ದೆ ಸುಮಾರು 30ಕ್ಕೆ. ನಿಲ್ಲಲು, ಲೆಕ್ಕ ಹಾಕಲು, ಬೇಕಾದರೆ ತಿರುಗಲು ದಾರಿಯೇ ಜಾಗ ಮಾಡಿಕೊಟ್ಟ ಹಾಗಿದೆ.

ಈ ದಿಕ್ಕಿಗೆ ಹೋಗುವುದರಲ್ಲಿ ಇನ್ನೊಂದು ಅನುಕೂಲ ಇದೆ. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮ, ನೈಋತ್ಯದಿಂದ. ಮಳೆಯೂ ಪಶ್ಚಿಮಕ್ಕೆ ಹೋದಷ್ಟೂ ಜೋರು. ಶಿವಮೊಗ್ಗದಲ್ಲಿ ಜಿಟಿಜಿಟಿ ಇದ್ದಾಗ ತೀರ್ಥಹಳ್ಳಿ ಕಡೆ ಧೋ ಎಂದು ಸುರಿಯುತ್ತಿರುತ್ತದೆ. ಅಂದರೆ ಹೋಗುವಾಗ ಗಾಳಿ ಎದುರು. ಕಷ್ಟ ನಿಜ. ಆದರೆ ಯಾರಾದರೂ ತಿರುಗಿದರೆ ಗಾಳಿ ಬೆನ್ನಿಗೆ ಬರುತ್ತದೆ, ಮಳೆ ಕಡಿಮೆಯಾಗುತ್ತಾ ಹೋಗುತ್ತದೆ, ಮನೆ ಹತ್ತಿರವಾಗುತ್ತದೆ. ತೀರ್ಥಹಳ್ಳಿಯಿಂದ ಹೊರಟು ಶಿವಮೊಗ್ಗಕ್ಕೆ ಬರುವ ಜಾಥಾದಲ್ಲಿ ಇದು ತಲೆಕೆಳಗು: ಗಾಳಿ ತಳ್ಳಿಕೊಂಡು ಬರುತ್ತದೆ, ತಿರುಗಬೇಕಾದವರಿಗೆ ಮಾತ್ರ ಎದುರಾಗುತ್ತದೆ.

ಆಗುಂಬೆ ಆಸೆ ಎಲ್ಲರಿಗೂ ಇರುತ್ತದೆ. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುವ ಊರು, ಅದರ ಹೆಸರೇ ಬ್ಯಾನರಿಗೆ ಸಾಕು. ಆದರೂ ಗುಂಪು ಕಟ್ಟಿಕೊಂಡು ಮಳೆಯಲ್ಲಿ ಆ ಘಾಟಿ ಇಳಿಯುವುದಕ್ಕೆ ನಾನು ಒಪ್ಪುವುದಿಲ್ಲ. 14 ಹೇರ್‌ಪಿನ್ ತಿರುವು, ಕಿರಿದಾದ ರಸ್ತೆ, ಮಂಜು ಕವಿದರೆ ಎದುರಿಗೆ ಬರುವ ಬಸ್ಸೂ ಕಾಣದು. ನೆಂದ ಬ್ರೇಕಿನಲ್ಲಿ ಮೂವತ್ತು ಜನ ಅಲ್ಲಿ ಬೇಡ. ತೀರ್ಥಹಳ್ಳಿಯಲ್ಲಿ ಮುಗಿಸಿ, ಸೈಕಲ್ಲುಗಳನ್ನು ಪಿಕಪ್‌ಗೆ ಏರಿಸಿ ವಾಪಸ್ ಬನ್ನಿ.

ದಿನ ಯಾವುದು? ಆರಿದ್ರಾ, ಪುನರ್ವಸು, ಪುಷ್ಯ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮೊದಲ ದಿನಗಳವರೆಗೆ, ಮಳೆ ಗಟ್ಟಿ. ಹೊಸಬರು ಜಾಸ್ತಿ ಇದ್ದರೆ ಮಖೆ ಮಳೆಗೆ, ಆಗಸ್ಟ್ ಎರಡನೇ ಅರ್ಧಕ್ಕೆ ಇಟ್ಟುಕೊಳ್ಳಿ. ಯಾವುದೇ ಇರಲಿ, ಎರಡು ಭಾನುವಾರ ಗೊತ್ತುಮಾಡಿ: ಒಂದು ಜಾಥಾಕ್ಕೆ, ಇನ್ನೊಂದು ಅದು ತಪ್ಪಿದರೆ. ಎರಡನೇ ದಿನ ಕೈಯಲ್ಲಿದ್ದರೆ ಮೊದಲನೆಯದನ್ನು ಬಿಡುವುದು ಸುಲಭ. ಹಿಂದಿನ ದಿನ ರಾತ್ರಿ 8 ಗಂಟೆಗೆ ಒಬ್ಬರೇ ಕೂತು ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ತೀರ್ಮಾನ ಹೇಳಲಿ. ಗ್ರೂಪಿನಲ್ಲಿ ಮತ ಕೇಳಿದರೆ ಹುಮ್ಮಸ್ಸಿನವರೇ ಗೆಲ್ಲುತ್ತಾರೆ. ಇಲಾಖೆಯ ಅಳತೆಯಲ್ಲಿ 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ 'ಭಾರಿ ಮಳೆ', 115.6 ಮುಟ್ಟಿದರೆ 'ಅತಿ ಭಾರಿ'. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಮುಂದಿನ ಭಾನುವಾರ, ಚರ್ಚೆ ಇಲ್ಲ.

ದಾರಿಯ ಪ್ರತಿ ಪೊಲೀಸ್ ಠಾಣೆಗೂ ದಿನ, ಹೊತ್ತು, ಜನರ ಸಂಖ್ಯೆ ಬರೆದ ಪತ್ರ ವಾರ ಮೊದಲೇ ಕೊಟ್ಟಿರಿ.

ಸೈಕಲ್ಲಿನ ಬ್ರೇಕು

ಮಳೆಯಲ್ಲಿ ಸೈಕಲ್ಲಿನ ಎಲ್ಲ ಭಾಗಕ್ಕಿಂತ ಬ್ರೇಕಿನ ಬಗ್ಗೆ ನನಗೆ ಹೆಚ್ಚು ಚಿಂತೆ. ರಿಮ್ಮಿಗೆ ಕಚ್ಚುವ ಬ್ರೇಕನ್ನು ನೆಂದಾಗ ಹಿಡಿದು ನೋಡಿ. ಮೊದಲು 'ಸ್‌ಸ್' ಎಂದು ನೀರು ಒರೆಸುವ ಸದ್ದು ಮಾತ್ರ. ಚಕ್ರ ಒಂದೆರಡು ಸುತ್ತು ತಿರುಗಿ ರಿಮ್ ಒಣಗಿದ ಮೇಲೆ ಹಿಡಿತ. ಒಂದು ಸುತ್ತಿಗೆ ಸುಮಾರು 2 ಮೀಟರ್. ಅಂದರೆ ಬ್ರೇಕ್ ಹಿಡಿದ ಮೇಲೂ ಮೂರು ನಾಲ್ಕು ಮೀಟರ್ ಸುಮ್ನೆ ಹೋಗಿಬಿಡುತ್ತದೆ. ಸ್ಟೀಲ್ ರಿಮ್ಮಿನ ಹಳೇ ಸೈಕಲ್ಲಾದರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು, ಅವನ್ನು ಇಂಥ ಜಾಥಾಕ್ಕೆ ತರಬಾರದು. ಅಲ್ಯೂಮಿನಿಯಂ ರಿಮ್ ಇರಲಿ, ಡಿಸ್ಕ್ ಬ್ರೇಕ್ ಇದ್ದರೆ ಇನ್ನೂ ಒಳ್ಳೆಯದು. ಇಳಿಜಾರು ಕಾಣುತ್ತಿದ್ದ ಹಾಗೆ, ಬೇಕಾಗುವ ಮೊದಲೇ, ಬ್ರೇಕನ್ನು ಹಗುರವಾಗಿ ತಾಗಿಸಿ ರಿಮ್ ಒರೆಸಿಕೊಳ್ಳಿ. ಈ ಅಭ್ಯಾಸ ಒಂದಿದ್ದರೆ ಅರ್ಧ ಅಪಾಯ ತಪ್ಪುತ್ತದೆ.

ಬ್ರೇಕ್ ಶೂ ಸವೆದಿದ್ದರೆ ಹೊಸದು ಹಾಕಿಸಿ. ಟೈರಿನ ಗಾಳಿ ಎಂದಿಗಿಂತ ತುಸು ಕಡಿಮೆ ಇರಲಿ. ಹಿಂದೆ ಮುಂದೆ ಎರಡೂ ಮಡ್‌ಗಾರ್ಡ್ ಕಡ್ಡಾಯ. ಇಲ್ಲದಿದ್ದರೆ ನಿಮ್ಮ ಚಕ್ರದ ಕೆಸರು ಹಿಂದಿನವರ ಕಣ್ಣಿಗೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ.

ಮೈಮೇಲೆ ಏನು

ಜೀನ್ಸ್, ಕಾಟನ್ ಟೀಶರ್ಟ್ ಬೇಡ. ನೀರು ಕುಡಿದು ಭಾರವಾಗಿ ಮೈಗೆ ಅಂಟಿ ಚಳಿ ಹುಟ್ಟಿಸುತ್ತವೆ. ಬೇಗ ಒಣಗುವ ಪಾಲಿಯೆಸ್ಟರ್ ಬನಿಯನ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ನಮ್ಮ ಹಿರಿಯರು ಗದ್ದೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಇಳಿಯುತ್ತಿದ್ದರು. ಉಣ್ಣೆ ನೆಂದರೂ ಬೆಚ್ಚಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ತೆಳು ಉಣ್ಣೆಯ ಬನಿಯನ್ ಇದ್ದವರು ಅದನ್ನೇ ಹಾಕಿ. ಗಾಳಿಗೆ ಹಾರಾಡುವ ಅಗಲ ರೈನ್‌ಕೋಟ್ ಮಾತ್ರ ಸೈಕಲ್ಲಿಗಲ್ಲ, ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ.

ಪ್ರತಿಯೊಬ್ಬರದ್ದೂ ಒಂದು ಜೊತೆ ಒಣಬಟ್ಟೆ, ಟವೆಲ್ ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ, ಹೆಸರು ಬರೆದು ಗಾಡಿಯಲ್ಲಿರಲಿ. ಉಂಬಳಕ್ಕೆ, ಅಂದರೆ ಜಿಗಣೆಗೆ, ಹೆದರುವವರು ಚಿಟಿಕೆ ಉಪ್ಪು ಇಟ್ಟುಕೊಳ್ಳಿ. ರಸ್ತೆಯಲ್ಲಿ ಇರುವಷ್ಟು ಹೊತ್ತು ಅವು ಹತ್ತುವುದಿಲ್ಲ, ಪಕ್ಕದ ಹುಲ್ಲಿಗೆ ಇಳಿದಾಗ ನೋಡಿಕೊಳ್ಳಿ.

ರಸ್ತೆಗಿಳಿದ ಮೇಲೆ

ಮೂವತ್ತು ಜನಕ್ಕಿಂತ ಹೆಚ್ಚು ಬೇಡ. ಆರೇಳು ಜನರ ಗುಂಪು ಮಾಡಿ, ಐದೈದು ನಿಮಿಷ ಬಿಟ್ಟು ಹೊರಡಿಸಿ. ಪ್ರತಿ ಗುಂಪಿಗೂ ಮುಂದೆ ಒಬ್ಬ ಅನುಭವಿ, ಕೊನೆಗೆ ಇನ್ನೊಬ್ಬ. ಕೊನೆಯವರ ಹಿಂದೆ ಯಾರೂ ಇರಕೂಡದು. ಬೆಳಿಗ್ಗೆ ಆರೂವರೆಗೆ, ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟರೆ, ಗಂಟೆಗೆ 15 ಕಿಲೋಮೀಟರ್ ಲೆಕ್ಕದಲ್ಲಿ ನಿಲುಗಡೆ ಸೇರಿ ಹನ್ನೆರಡೂವರೆ ಒಳಗೆ ತೀರ್ಥಹಳ್ಳಿ.

ಒಬ್ಬರ ಹಿಂದೆ ಒಬ್ಬರು, ನಡುವೆ ಮೂರು ಸೈಕಲ್ಲಿನಷ್ಟು ಜಾಗ. ಮಳೆಯಲ್ಲಿ ಕೈ ಸನ್ನೆ ಬಿಡಿ, ಎರಡೂ ಕೈ ಬ್ರೇಕಿನ ಮೇಲೇ ಇರಲಿ. ಬಾಯಲ್ಲಿ ಕೂಗಿ: "ಗುಂಡಿ!", "ಗಾಡಿ!", "ನಿಧಾನ!". ಹಿಂದಿನವರು ಅದನ್ನೇ ಕೂಗಿ ಇನ್ನೂ ಹಿಂದಕ್ಕೆ ದಾಟಿಸಬೇಕು. ಮುಖ್ಯವಾಗಿ ಬಿಳಿ ಪಟ್ಟಿ, ಕಬ್ಬಿಣದ ಜಾಲರಿ, ಸೇತುವೆಯ ಜೋಡಣೆ, ಮರದಡಿಯ ಪಾಚಿ, ಒದ್ದೆ ಎಲೆ. ಇವುಗಳ ಮೇಲೆ ಹ್ಯಾಂಡಲ್ ತಿರುಗಿಸಬಾರದು, ಬ್ರೇಕ್ ಹಿಡಿಯಬಾರದು, ನೇರ ದಾಟಿಬಿಡಬೇಕು. ನಿಂತ ನೀರಿನ ಅಡಿಯಲ್ಲಿ ಗುಂಡಿ ಇದೆ ಎಂದೇ ತಿಳಿಯಿರಿ.

ಸಕ್ರೆಬೈಲಿನ ಮುಂದೆ ಭಾನುವಾರ ಕಾರುಗಳು ರಸ್ತೆಗೇ ನಿಂತಿರುತ್ತವೆ, ಬಾಗಿಲು ತಟ್ಟನೆ ತೆರೆಯುತ್ತದೆ. ಮಂಡಗದ್ದೆಯಲ್ಲಿ ಸೀಟಿ, ಘೋಷಣೆ ಬೇಡ. ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿರುವ ಕಾಲ ಅದು.

ಕಾಡಿನ ನಡುವೆ ಮೊಬೈಲ್ ಸಿಗ್ನಲ್ ನಂಬಬೇಡಿ. ಗಾಜನೂರು, ಮಂಡಗದ್ದೆ ಎರಡರಲ್ಲೂ ಒಬ್ಬರು ಹೆಸರಿನ ಪಟ್ಟಿ ಹಿಡಿದು ಕೂತಿರಲಿ, ಬಂದವರನ್ನು ಗುರುತು ಹಾಕಲಿ. ಪೆನ್ನು ಒದ್ದೆ ಕಾಗದದ ಮೇಲೆ ಬರೆಯುವುದಿಲ್ಲ, ಪೆನ್ಸಿಲ್ ಕೊಡಿ. ಅದೇ ಪಟ್ಟಿಯಲ್ಲಿ ಮನೆಯವರ ಫೋನ್ ನಂಬರ್, ರಕ್ತದ ಗುಂಪು, ಉಬ್ಬಸ ಇದ್ದವರ ಹೆಸರಿನ ಮುಂದೆ ಗುರುತು.

ಇದೇ ಎರಡು ಜಾಗದಲ್ಲಿ ಪ್ರತಿಯೊಬ್ಬರನ್ನೂ ಕೇಳಬೇಕು: "ಮುಂದೆ ಹೋಗ್ತೀರಾ, ಗಾಡಿ ಹತ್ತುತೀರಾ?" ಎಲ್ಲರನ್ನೂ ಒಂದೇ ದನಿಯಲ್ಲಿ, ಗಟ್ಟಿಗರನ್ನೂ ಸೇರಿಸಿ. ಸುಸ್ತಾದವರನ್ನು ಮಾತ್ರ ಕೇಳಿದರೆ ಅವರು ಇಲ್ಲ ಎನ್ನುತ್ತಾರೆ. ನಮ್ಮ ತಂಡದಲ್ಲಿ ಮೊದಲು ಗಾಡಿ ಹತ್ತುವುದು ಸಂಘಟಕರಲ್ಲೇ ಒಬ್ಬರು. ಅವರ ಹಿಂದೆ ಇನ್ನಿಬ್ಬರು ಮೂವರು ನಿರಾಳವಾಗಿ ಹತ್ತುತ್ತಾರೆ. ಹಾಗಾಗಿ ಗಾಡಿಯಲ್ಲಿ ಖಾಲಿ ಜಾಗ ನಿಜಕ್ಕೂ ಇರಬೇಕು: ಜನರಿಗೆ ಒಂದು ಟಿಟಿ (ಟೆಂಪೊ ಟ್ರಾವೆಲರ್), ಸೈಕಲ್ಲಿಗೆ ಒಂದು ಪಿಕಪ್.

ಚಳಿ, ಸಿಡಿಲು, ಹರಿಯುವ ನೀರು

ಮಲೆನಾಡಿನ ಮಳೆಯಲ್ಲಿ ಚಳಿಗೆ ಪೆಟ್ಟು ತಿನ್ನಲು ಹಿಮವೇನೂ ಬೀಳಬೇಕಿಲ್ಲ. 20 ಡಿಗ್ರಿ ಇದ್ದರೂ ಒದ್ದೆ ಮೈ, ಗಾಳಿ, ಖಾಲಿ ಹೊಟ್ಟೆ ಸೇರಿದರೆ ಸಾಕು. ಮೊದಲು ನಡುಕ. ಆಮೇಲೆ ಬೆರಳು ಸೋಲುತ್ತದೆ, ಮಾತು ತೊದಲುತ್ತದೆ, ಮನುಷ್ಯ ಮಂಕಾಗುತ್ತಾನೆ. ಅಷ್ಟು ಹೊತ್ತಿಗೆ "ನಂಗೇನೂ ಆಗಿಲ್ಲ" ಎಂಬ ಅವರ ಮಾತಿಗೆ ಬೆಲೆ ಕೊಡಬೇಡಿ. ಪ್ರತಿ ನಿಲುಗಡೆಯಲ್ಲೂ ಹೆಲ್ಮೆಟ್ಟಿನ ಬಕಲ್ ಬಿಚ್ಚಿ ಹಾಕಲು ಹೇಳಿ. ಆಗದವರು ಗಾಡಿಗೆ. ಒದ್ದೆ ಬಟ್ಟೆ ತೆಗೆದು ಒಣಬಟ್ಟೆ, ಕಂಬಳಿ, ಸಿಹಿ ಚಹಾ ಅಥವಾ ಕಷಾಯ. ಕೈಕಾಲು ತಿಕ್ಕುವುದು ಬೇಡ, ಮದ್ಯವಂತೂ ಖಂಡಿತ ಬೇಡ. ಮಂಪರು ಜಾಸ್ತಿಯಾದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ. ಇದೆಲ್ಲ ಬರದ ಹಾಗೆ ಮಾಡಲು ಬಾಳೆಹಣ್ಣು, ಅವಲಕ್ಕಿ, ಬೆಲ್ಲ ಗಂಟೆಗೊಮ್ಮೆ ತಿನ್ನುತ್ತಿರಿ. ಮಳೆಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೂ ನೀರು ಕುಡಿಯಿರಿ.

ಗುಡುಗು ಕೇಳಿದರೆ ಸೈಕಲ್ ಬಿಟ್ಟು ಗಟ್ಟಿ ಕಟ್ಟಡದ ಅಥವಾ ಗಾಡಿಯ ಒಳಗೆ ಹೋಗಿ. ಮರದ ಕೆಳಗೆ ನಿಲ್ಲಬಾರದು. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಮೊಬೈಲಿನಲ್ಲಿ 'ದಾಮಿನಿ' ಆ್ಯಪ್ ಇದ್ದರೆ ಹತ್ತಿರದ ಸಿಡಿಲಿನ ಸೂಚನೆ ಸಿಗುತ್ತದೆ. ಅಕೇಶಿಯಾ ಕೊಂಬೆ ಮುರಿದು ರಸ್ತೆಗೆ ಬಿದ್ದಿದ್ದರೆ ಎತ್ತಲು ಓಡಬೇಡಿ, ಅದರಡಿ ಕರೆಂಟ್ ತಂತಿ ಇರಬಹುದು. ಮೆಸ್ಕಾಂಗೆ 1912ಕ್ಕೆ ತಿಳಿಸಿ. ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ ಅಲ್ಲಿಗೆ ಜಾಥಾ ಮುಗಿಯಿತು, ಮೊಣಕಾಲು ಮುಟ್ಟದಿದ್ದರೂ ಅಷ್ಟೇ.

ಮನೆಗೆ ಬಂದ ಮೇಲೆ

ಸೈಕಲ್ಲನ್ನು ಅದೇ ಸಂಜೆ ತೊಳೆಯಿರಿ. ಬ್ರೇಕ್ ಶೂಗೆ ಕಚ್ಚಿಕೊಂಡ ಮರಳು ರಿಮ್ಮನ್ನು ಅರೆಯುತ್ತದೆ, ಸೂಜಿಯಿಂದ ಕಿತ್ತು ತೆಗೆಯಿರಿ. ಚೈನ್ ಒರೆಸಿ ಎಣ್ಣೆ ಬಿಡಿ. ಸೀಟಿನ ಕೊಳವೆ ಹೊರಗೆಳೆದು ಸೈಕಲ್ಲನ್ನು ತಲೆಕೆಳಗು ಮಾಡಿದರೆ ಒಳಗಿನಿಂದ ಲೋಟದಷ್ಟು ಕೆಂಪು ನೀರು ಬರುವುದೂ ಉಂಟು.

ವಾರದೊಳಗೆ ಲೆಕ್ಕ ಬರೆದು, ಹಣ ಕೊಟ್ಟವರೆಲ್ಲರಿಗೂ ಕಳಿಸಿ: ಬಂದದ್ದು ಎಷ್ಟು, ಎಷ್ಟು ಕೋಟು, ಯಾವ ಅಳತೆಯವು, ಅಂಗಡಿಯ ಬಿಲ್ಲು. ಎಷ್ಟು ಜನ ತೀರ್ಥಹಳ್ಳಿ ಮುಟ್ಟಿದರು ಎಂಬುದನ್ನು ಆ ಹಾಳೆಯಲ್ಲಿ ಬರೆಯಬೇಡಿ. ಹೊರಟ ಮೂವತ್ತು ಹೆಸರನ್ನೂ ಅಕಾರಾದಿ ಕ್ರಮದಲ್ಲಿ ಬರೆಯಿರಿ.