ಗೋಬರ್ ಗ್ಯಾಸ್ ಸ್ಲರಿಯನ್ನು ಬಿಸಿಲಿಗೆ ಬಿಡಬೇಡಿ

ಮನೆಯಲ್ಲಿ ಗೋಬರ್ ಗ್ಯಾಸ್ ಇರುವವರಿಗೆ ಒಂದು ಮಾತು. ಒಲೆ ಉರಿದರೆ ಸಾಕು ಅಂತ ಸ್ಲರಿಯನ್ನು (ಗ್ಯಾಸ್ ಆದ ಮೇಲೆ ಪ್ಲಾಂಟಿನಿಂದ ಹೊರಬರುವ ಸಗಣಿ ರಾಡಿಯನ್ನು) ಸುಮ್ನೆ ಗುಂಡಿಗೆ ಬಿಡುವವರೇ ಜಾಸ್ತಿ. ನಾವೂ ಎರಡು ವರ್ಷ ಹಾಗೇ ಮಾಡಿದೆವು. ಬೇಸಿಗೆಯಲ್ಲಿ ಗುಂಡಿಯ ಮೇಲೆ ಬಿರುಕು ಬಿಟ್ಟ ಕಪ್ಪು ಕೆನೆ ಕಟ್ಟುತ್ತಿತ್ತು. ಅದನ್ನೇ ಒಡೆದು ತೋಟಕ್ಕೆ ಹಾಕುತ್ತಿದ್ದೆವು.

ಪ್ಲಾಂಟಿನಲ್ಲಿ ಸಗಣಿಯಿಂದ ಗ್ಯಾಸ್ ಆಗಿ ಹೊರಗೆ ಹೋಗುವುದು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್. ಸಾರಜನಕ ಹೆಚ್ಚುಕಡಿಮೆ ಪೂರ್ತಿ ಸ್ಲರಿಯಲ್ಲೇ ಉಳಿಯುತ್ತದೆ. ಅದರಲ್ಲಿ ದೊಡ್ಡ ಪಾಲು ಅಮೋನಿಯಾ ರೂಪದಲ್ಲಿರುತ್ತದೆ, ಗಿಡಕ್ಕೆ ಬೇಗ ಸಿಗುತ್ತದೆ. ಆದರೆ ಬಿಸಿಲಿಗೆ ಒಣಗಿಸಿದರೆ ಅದೇ ಗಾಳಿಗೆ ಹಾರಿಹೋಗುತ್ತದೆ. ಅಷ್ಟು ಒಳ್ಳೆ ಗೊಬ್ಬರ ಕಣ್ಣೆದುರೇ ಹೋದರೆ ಬೇಜಾರಲ್ವಾ?

ಈಗ ಗುಂಡಿಗೆ ತೆಂಗಿನ ಗರಿಯ ಚಪ್ಪರ ಹಾಕಿದ್ದೇವೆ. ಕೆಳಗೆ ಒಣ ತರಗೆಲೆ, ಅಡಿಕೆ ಸಿಪ್ಪೆ ಹರಡಿ ಅದರ ಮೇಲೆ ಸ್ಲರಿ ಬಿಡುತ್ತೇವೆ. ತರಗು ಸ್ಲರಿ ಹೀರಿಕೊಂಡು ಕೊಳೆಯುತ್ತದೆ, ಬುಟ್ಟಿಯಲ್ಲಿ ಹೊರುವುದೂ ಸುಲಭ. ತರಕಾರಿಗೆ ಹಸಿ ಸ್ಲರಿಯನ್ನೇ ನೀರು ಬೆರೆಸಿ ಸಂಜೆ ಬುಡಕ್ಕೆ ಕೊಟ್ಟು ಮೇಲೆ ಮಣ್ಣು ಎಳೆಯುತ್ತೇವೆ. ಹಸಿಯಾಗಿ ತಿನ್ನುವ ಸೊಪ್ಪಿಗೆ ಮಾತ್ರ ಇದು ಬೇಡ.

ಎರಡು ಘನ ಮೀಟರಿನ ಪ್ಲಾಂಟಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು ಬೇಕು. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ. ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ.